ಫೈಲಿನ ಹೆಸರಲ್ಲ, ಬಾಲ ನೋಡಿ

2000ರ ಮೇ 4ರಂದು ಜಗತ್ತಿನ ತುಂಬ ಇಮೇಲ್ ಪೆಟ್ಟಿಗೆಗಳಿಗೆ ಪ್ರೇಮಪತ್ರ ಬಂದು ಬಿತ್ತು. ಜತೆಗಿದ್ದ ಫೈಲು: ‘ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ’. ಬರೀ ಅಕ್ಷರದ ಫೈಲಲ್ಲವೇ ಎಂದು ಜನ ತೆರೆದರು. ಹೆಸರಿನ ತುದಿಗೆ ‘.ವಿಬಿಎಸ್’ ಅಂತ ಇನ್ನೊಂದು ಬಾಲ (ಎಕ್ಸ್‌ಟೆನ್ಷನ್) ಇತ್ತು. ವಿಂಡೋಸ್ ಅದನ್ನು ಮುಚ್ಚಿಟ್ಟಿತ್ತು. ವಿಬಿಎಸ್ ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ. ಮನಿಲಾದಲ್ಲಿ ಹುಟ್ಟಿದ ಈ ‘ಐ ಲವ್ ಯು’ ಫೋಟೊ ಫೈಲುಗಳನ್ನು ಹಾಳುಗೆಡವಿ, ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನದೇ ನಕಲು ಕಳಿಸಿತು.

ಇಷ್ಟಾದರೂ ವಿಂಡೋಸ್ ಇವತ್ತಿಗೂ ಬಾಲ ಮುಚ್ಚಿಕೊಂಡೇ ಬರುತ್ತದೆ. ಹಟಮಾರಿತನ ಎನ್ನದೆ ಇನ್ನೇನನ್ನಲಿ?

ಹಂತ 1. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ‘ವ್ಯೂ’, ಅದರೊಳಗೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಒತ್ತಿ. ಇನ್ನು ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಕಳ್ಳ ಪೂರ್ತಿ ಕಾಣುತ್ತಾನೆ; ಇಎಕ್ಸ್‌ಇ ಕೂಡ ಓಡುವ ಪ್ರೋಗ್ರಾಮೇ. ಕೊನೆಯ ಚುಕ್ಕೆಯ ಆಚೆಗಿರುವುದೇ ಅವನ ನಿಜವಾದ ಜಾತಕ.

ಹಂತ 2. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣವಿದ್ದರೆ ಡಬಲ್ ಕ್ಲಿಕ್ ಮಾಡಲೇಬೇಡಿ. ಅದು ಶಾರ್ಟ್‌ಕಟ್, ಅಸಲಿ ಫೋಲ್ಡರನ್ನು ವೈರಸ್ ಅಡಗಿಸಿಟ್ಟಿದೆ. ಶಾರ್ಟ್‌ಕಟ್ಟಿನ ಬಾಲ ಮಾತ್ರ ಹಂತ 1 ಮಾಡಿದರೂ ಕಾಣುವುದಿಲ್ಲ, ಬಾಣವೇ ಗುರುತು. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ‘ಶೋ’ದಲ್ಲೇ ‘ಹಿಡನ್ ಐಟಮ್ಸ್’ ಒತ್ತಿ, ಬೇಕಾದ್ದನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಡಿಸ್ಕಿನಿಂದ ಡಿಸ್ಕಿಗೆ ಹಾರುವುದು ಹಳೇ ಚಾಳಿ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ, ಕೂರುತ್ತಿತ್ತು. ಒಳಗೆ ತಮ್ಮ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು ಪುಣ್ಯಾತ್ಮರು!

ಹಂತ 3. ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಗ್ನಪತ್ರಿಕೆ. ಬಾಲ ‘.ಎಪಿಕೆ’ ಆಗಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಇದು ಟ್ರೋಜನ್ ಜಾತಿ: ವೈರಸ್ಸಿನಂತೆ ಬೇರೆ ಫೈಲಿಗೆ ಅಂಟಿಕೊಳ್ಳುವುದಿಲ್ಲ, ವೇಷ ಹಾಕಿಕೊಂಡು ಬಂದು ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತದೆ. ಎಸ್ಎಂಎಸ್ ಓದುವ ಅನುಮತಿ ಕೊಟ್ಟಿರೋ, ನಿಮ್ಮ ಒಟಿಪಿ ಅವರ ಕೈಗೆ.

ಹಂತ 4. ಅಪ್‌ಡೇಟ್. ಬಾಲ ನೋಡುವ ಉಪಾಯ ನೆಟ್‌ವರ್ಕಿನಲ್ಲಿ ತಾನಾಗೇ ಹರಡುವ ವರ್ಮ್ ಮುಂದೆ ನಡೆಯುವುದಿಲ್ಲ; ಅದಕ್ಕೆ ನಮ್ಮ ಕ್ಲಿಕ್ಕೇ ಬೇಡ. 2017ರ ಮೇ 12ರಂದು ‘ವನ್ನಾಕ್ರೈ’ ನೆಟ್‌ವರ್ಕಿನಿಂದ ನುಗ್ಗಿ, ಫೈಲುಗಳಿಗೆ ಬೀಗ ಜಡಿದು, 300 ಡಾಲರ್ ಬಿಟ್‌ಕಾಯಿನ್ ಕೇಳಿತು. ಆ ಕಿಂಡಿ ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಎಪಿಕೆ ಆಗಲೇ ಒತ್ತಿಬಿಟ್ಟಿರಾ? ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮನೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ; ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫ್ಯಾಕ್ಟರಿ ರೀಸೆಟ್ ಆಮೇಲೆ.