ಉರ್ದುವಿನಲ್ಲಿ ‘ಸಾರಿ’ ಹೇಳುವುದು ಹೇಗೆ?

ಉರ್ದು ಕಲಿಯಲು ಶುರು ಮಾಡಿದವರು ‘ಸಾರಿ’ಗೆ ಅಲ್ಲಿ ಏನಂತಾರೆ ಅಂತ ಹುಡುಕಿದರೆ ಮಾಫ್, ಅಫ್ಸೋಸ್, ಮಾಜರತ್ ಅಂತ ಒಟ್ಟಿಗೇ ಹಲವು ಪದ ಸಿಗುತ್ತವೆ. ಸುಮ್ನೆ ಒಂದನ್ನು ಆರಿಸಿ ಬಾಯಿಪಾಠ ಮಾಡಬೇಡಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಮೊದಲು ಇಷ್ಟು ಕೇಳಿಕೊಳ್ಳಿ: ತಪ್ಪು ನನ್ನದಾ, ಅಥವಾ ಎದುರಿನವರ ಕಷ್ಟಕ್ಕೆ ನನಗೆ ಬೇಸರ ಆಗಿದೆಯಾ?

ತಪ್ಪು ನಿಮ್ಮದಾದರೆ ‘ಮಾಫ್’. ಈ ಪದ ನಮಗೆ ಹೊಸದೇನಲ್ಲ, ದಂಡ ಮಾಫಿ ಅಂತ ಕನ್ನಡದಲ್ಲೂ ಅನ್ನುತ್ತೇವಲ್ವಾ, ಅದೇ. ಬಸ್ಸಿನಲ್ಲಿ ಯಾರದೋ ಕಾಲು ತುಳಿದಿರಿ, ‘ಮಾಫ್ ಕೀಜಿಯೇ’ ಅನ್ನಿ. ಗುರುತಿಲ್ಲದವರನ್ನು ನಿಲ್ಲಿಸಿ ದಾರಿ ಕೇಳುವುದಕ್ಕೂ ಇದೇ ಸಾಕು. ಗೆಳೆಯರಿಗಾದರೆ ‘ಮಾಫ್ ಕರ್ನಾ ಯಾರ್’. ಆದರೆ ‘ಮಾಫ್ ಕರೋ’ ಅನ್ನುವಾಗ ಜೋಪಾನ. ಭಿಕ್ಷೆ ಕೇಳಿ ಬಂದವರಿಗೆ ‘ಮುಂದೆ ಹೋಗಪ್ಪಾ’ ಅನ್ನುವ ಅರ್ಥದಲ್ಲೂ ಅದನ್ನು ಹೇಳುತ್ತಾರೆ, ಹಿರಿಯರ ಮುಂದೆ ಅದು ಬೇಡವೇ ಬೇಡ.

ಬೇರೆಯವರ ಕಷ್ಟಕ್ಕೆ ‘ಅಫ್ಸೋಸ್’. ಯಾರೋ ತೀರಿಕೊಂಡರು ಅಂತ ಕೇಳಿದಾಗ ‘ಸುನ್ ಕರ್ ಬಹುತ್ ಅಫ್ಸೋಸ್ ಹುವಾ’ (ಕೇಳಿ ತುಂಬಾ ಬೇಸರ ಆಯಿತು) ಅನ್ನಬೇಕು. ಅಲ್ಲಿ ‘ಮಾಫ್ ಕೀಜಿಯೇ’ ಅಂದರೆ ಸಾವಿಗೆ ನೀವೇ ಕಾರಣ ಅನ್ನುವ ಹಾಗೆ ಕೇಳಿಸುತ್ತದೆ. ಪಾಕಿಸ್ತಾನದ ಪಂಜಾಬ್ ಕಡೆಯಂತೂ ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದಕ್ಕೇ ‘ಅಫ್ಸೋಸ್ ಕರ್ನಾ’ ಅನ್ನುತ್ತಾರೆ.

ವ್ಯಾಕರಣದಲ್ಲಿ ಅಫ್ಸೋಸ್ ನಮಗೆ ತುಂಬಾ ಸುಲಭ. ‘ಮುಝೇ ಅಫ್ಸೋಸ್ ಹೈ’ ಅಂದರೆ ‘ನನಗೆ ಬೇಸರ ಇದೆ’, ‘ಮುಝೇ’ ಇರುವ ಕಡೆ ‘ನನಗೆ’ ಇಟ್ಟರೆ ವಾಕ್ಯ ಹಾಗೇ ಕನ್ನಡಕ್ಕೆ ಬಂದುಬಿಡುತ್ತದೆ. ಕನ್ನಡದವರು ಎಡವುವುದು ಇನ್ನೊಂದು ಕಡೆ. ‘ಮೈಂ ಆಪ್ ಸೇ ಮಾಫೀ ಚಾಹ್ತಾ ಹೂಂ’ (ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ) ಅನ್ನುವುದು ಗಂಡಸರ ಮಾತು, ಹೆಂಗಸರು ‘ಚಾಹ್ತೀ ಹೂಂ’ ಅನ್ನಬೇಕು. ‘ಕೇಳುತ್ತೇನೆ’ ಅನ್ನುವಾಗ ನಮ್ಮಲ್ಲಿ ಗಂಡು ಹೆಣ್ಣು ಭೇದ ಇಲ್ಲವಲ್ಲ, ಅದಕ್ಕೇ ಇದು ಮರೆತುಹೋಗುತ್ತದೆ. ನಿಮಗೆ ಹೊಂದುವ ರೂಪವನ್ನಷ್ಟೇ ಮೊದಲು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ‘ಆಪ್ ಕೋ ಮಾಫೀ’ ಅನ್ನಬೇಡಿ, ಅಲ್ಲಿ ‘ಸೇ’ ಬರಬೇಕು.

‘ಮಾಜರತ್’ ಕೂಡ ನಮ್ಮ ತಪ್ಪಿಗೇ ಹೇಳುವುದು, ಆದರೆ ಸ್ವಲ್ಪ ಬಿಗುವಿನ ಪದ. ಪತ್ರ, ಆಫೀಸು, ಸಭೆಗೆ ತಡವಾಗಿ ಬಂದದ್ದು, ಇಂಥ ಕಡೆ ‘ಮಾಜರತ್ ಚಾಹ್ತಾ ಹೂಂ’ ಚೆನ್ನಾಗಿ ಒಪ್ಪುತ್ತದೆ. ಇಲ್ಲಿನ ಜ ಜೀಬ್ರಾದ ಜ, ಮಾಫ್‌ನ ಫ ಫೋನಿನ ಫ.

ಲಿಪಿಯನ್ನೂ ಕಲಿಯುತ್ತಿದ್ದರೆ ಇದು ಗೊತ್ತಿರಲಿ: ಮಾಫ್ ಬರೆಯುವಾಗ ಮೀಮ್ (ಅಂದರೆ ಮ) ಆದ ಮೇಲೆ ಐನ್ ಅನ್ನುವ ಅಕ್ಷರ ಬರುತ್ತದೆ. ಬಾಯಲ್ಲಿ ಅದು ಕೇಳಿಸುವುದೇ ಇಲ್ಲ, ಆದರೆ ಅದನ್ನು ಬಿಟ್ಟು ನಿಘಂಟಿನಲ್ಲಿ ಹುಡುಕಿದರೆ ಪದ ಸಿಗುವುದು ಕಷ್ಟ. ರೇಖ್ತಾ ಡಿಕ್ಷನರಿ ಅನ್ನುವ ಆನ್‌ಲೈನ್ ನಿಘಂಟಿನಲ್ಲಿ ಉರ್ದು ಲಿಪಿಯ ಜೊತೆ ದೇವನಾಗರಿ, ರೋಮನ್ ಕೂಡ ಇರುವುದರಿಂದ ಆರಂಭಕ್ಕೆ ಅದು ಒಳ್ಳೆಯದು.

ಮಾತು ಸರಿಯಾಗಿ ಕೇಳಿಸದಿದ್ದಾಗಲೂ ಇಂಗ್ಲಿಷಿನಲ್ಲಿ ‘ಸಾರಿ?’ ಅನ್ನುತ್ತೇವಲ್ವಾ, ಉರ್ದುವಿನಲ್ಲಿ ಬರೀ ‘ಜೀ?’ ಅಂದರೆ ಆಯಿತು. ಹೌದು, ‘ಸಾರಿ ಯಾರ್’ ಅಂತಲೇ ಹೇಳುವವರೂ ಜಾಸ್ತಿ ಇದ್ದಾರೆ, ಅದು ತಪ್ಪಲ್ಲ.

ಉತ್ತರವನ್ನೂ ಜೊತೆಗೇ ಕಲಿಯಿರಿ. ಯಾರಾದರೂ ಮಾಫ್ ಕೇಳಿದರೆ ‘ಕೋಯೀ ಬಾತ್ ನಹೀಂ’, ಪರವಾಗಿಲ್ಲ ಅಂತ. ನಿಮ್ಮ ದುಃಖಕ್ಕೆ ಅಫ್ಸೋಸ್ ಹೇಳಿದವರಿಗೆ ಅದು ಹೊಂದುವುದಿಲ್ಲ, ಅವರಿಗೆ ‘ಶುಕ್ರಿಯಾ’ ಅನ್ನಿ.