ಕವಳಿ ಬೀಜ ಹಸಿಯಾಗಿದ್ದಾಗಲೇ ಹಾಕಿ

ಮುಂಗಾರು ಶುರುವಾದರೆ ಚಿತ್ರದುರ್ಗದ ಕಡೆ ಕವಳಿ ಹಣ್ಣಿನ ಕಾಲ. ಮುಳ್ಳುಪೊದೆಯಲ್ಲಿ ಬಿಡುವ ಪುಟ್ಟ ಕಪ್ಪು ಹಣ್ಣು ಇದು. ತಿಂದು ಬೀಜ ಉಗಿದುಬಿಡುತ್ತೇವೆ, ಅಲ್ವಾ? ಈ ಸಲ ಹಾಗೆ ಮಾಡಬೇಡಿ. ನಮ್ಮ ಕಲ್ಲು ನೆಲಕ್ಕೂ ಕಮ್ಮಿ ಮಳೆಗೂ ಇಷ್ಟು ಚೆನ್ನಾಗಿ ಹೊಂದುವ ಗಿಡ ಇನ್ನೊಂದಿಲ್ಲ. ಹೊಲದ ಬದುವಿಗೆ ಹಾಕಿದರೆ ದನ ನುಗ್ಗದಂಥ ಬೇಲಿಯೂ ಆಯಿತು, ಹಣ್ಣೂ ಆಯಿತು.

ಸಸಿಗೆಂದು ಜೋಗಿಮಟ್ಟಿಗೆ ಹೋಗಿ ಗಿಡ ಕೀಳಬೇಡಿ. ಅದು ವನ್ಯಧಾಮ. ಸಂತೆಯಲ್ಲಿ ಒಂದು ಬೊಗಸೆ ಹಣ್ಣು ತಂದರೆ ಸಾಕು. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಮೆತ್ತಗಿರುವುದನ್ನೇ ಆರಿಸಿ. ಕೆಂಪು ಕಾಯಿಯ ಬೀಜ ಬಲಿತಿರುವುದಿಲ್ಲ.

ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹಣ್ಣನ್ನು ನೀರಿನಲ್ಲಿ ಹಿಚುಕಿ. ಇಲ್ಲದಿದ್ದರೆ ಸೊನೆ ಅಂಟಿ ಕೈ ಕಪ್ಪಾಗುತ್ತದೆ. ಒಂದೊಂದು ಹಣ್ಣಿನಲ್ಲಿ ಮೂರು ನಾಲ್ಕು ಚಪ್ಪಟೆ ಬೀಜ ಸಿಗುತ್ತವೆ. ತಿರುಳು ಪೂರ್ತಿ ಹೋಗುವವರೆಗೆ ನೀರು ಬದಲಿಸಿ ತೊಳೆಯಿರಿ. ತಿರುಳು ಉಳಿದರೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಹೊತ್ತೊಯ್ಯುತ್ತದೆ. ತೇಲುವುದು ಜೊಳ್ಳು, ಚೆಲ್ಲಿಬಿಡಿ. ಮುಳುಗಿದ್ದನ್ನು ನೆರಳಲ್ಲಿ ನೀರಾರುವಷ್ಟು ಹರವಿ, ಮಾರನೇ ದಿನವೇ ಹಾಕಿ. ಅವರೆ, ಹುರುಳಿಯ ಹಾಗೆ ಡಬ್ಬದಲ್ಲಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ನಡೆಯುವುದಿಲ್ಲ. ಇಟ್ಟಷ್ಟೂ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಖಾಲಿ ಹಾಲಿನ ಕವರ್ ಸಾಕು. ತಳಕ್ಕೆ ನಾಲ್ಕು ತೂತು ಮಾಡಿ, ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮ ಬೆರೆಸಿ ತುಂಬಿ. ಅರ್ಧ ಇಂಚಿಗಿಂತ ಆಳಕ್ಕೆ ಬೀಜ ಇಳಿಸಬೇಡಿ. ಮಳೆ ಹೊಡೆತ ಬೀಳದ ಕಡೆ ಇಟ್ಟು, ಮಣ್ಣು ಒಣಗದಂತೆ ನೀರು ಚಿಮುಕಿಸಿ. ಮೊಳಕೆಗೆ ಎರಡು ಮೂರು ವಾರ ಬೇಕು, ಕೆಲವು ಒಂದು ತಿಂಗಳೂ ತೆಗೆದುಕೊಳ್ಳುತ್ತವೆ. ಸುಮ್ನೆ ಕೆದಕಿ ನೋಡಬೇಡಿ, ಎಳೆ ಬೇರು ಮುರಿಯುತ್ತದೆ.

ಮೊದಲ ವರ್ಷ ಸಸಿ ಬಹಳ ನಿಧಾನ. ಅದೇ ವರ್ಷ ನೆಲಕ್ಕೆ ಇಳಿಸುವ ಆತುರ ಬೇಡ. ಒಂದು ಬೇಸಿಗೆ ಕವರ್‌ನಲ್ಲೇ ಕಳೆಯಲಿ, ಮುಂದಿನ ಮೃಗಶಿರಾ ಮಳೆಗೆ ನೆಡಿ. ಬೇಲಿಗಾದರೆ ಎರಡರಿಂದ ಮೂರು ಅಡಿಗೊಂದು, ಹಣ್ಣಿಗಾದರೆ ಇನ್ನೂ ದೂರ. ನೀರು ನಿಲ್ಲುವ ಜಾಗ ಮಾತ್ರ ಬೇಡ, ಬೇರು ಕೊಳೆಯುತ್ತದೆ. ಬೇರು ಹಿಡಿದ ಮೇಲೆ ಗಿಡ ನಿಮ್ಮನ್ನು ನೀರು ಕೇಳುವುದಿಲ್ಲ.

ಮೂರು ನಾಲ್ಕು ವರ್ಷಕ್ಕೆ ಮಲ್ಲಿಗೆಯಂಥ ಬಿಳಿ ಹೂ ಬಿಟ್ಟು ಕಾಯಿ ಕಚ್ಚುತ್ತದೆ. ಎಳೆ ಕಾಯಿ ಉಪ್ಪಿನಕಾಯಿಗೆ ತುಂಬಾ ಚೆನ್ನ. ಕೊಂಬೆ ಸವರುವುದಿದ್ದರೆ ಹಣ್ಣು ಮುಗಿದ ಮೇಲೆಯೇ ಸವರಿ. ಕತ್ತರಿಸಿದ ಮುಳ್ಳನ್ನು ಮಕ್ಕಳು ಓಡಾಡುವ ದಾರಿಯಲ್ಲಿ ಬಿಡದೆ ಆಗಲೇ ಎತ್ತಿಹಾಕಿ.