ಲಿಂಕ್ ಒತ್ತಿದರೆ ಲೆಕ್ಕ: ಟಿಪ್ಪಣಿಯೊಳಗೇ ಕೋಡ್ ಓಡಿಸುವುದು ಹೇಗೆ?

ಮನೆಯ ಹಾಲಿನ ಲೆಕ್ಕವನ್ನು ನಾನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಡುತ್ತೇನೆ. ದಿನಕ್ಕೆ ಒಂದೂವರೆ ಲೀಟರ್, ಲೀಟರಿಗೆ 48 ರೂಪಾಯಿ. ತಿಂಗಳ ಕೊನೆಗೆ ಅದೇ ಫೈಲಿನ ಒಂದು ಲಿಂಕ್ ಒತ್ತಿದರೆ ಸಾಕು, ಪರದೆಯ ಕೆಳಗೆ ಮೊತ್ತ ಕಾಣುತ್ತದೆ. ಲೆಕ್ಕ ಬರೆದಲ್ಲೇ ಲೆಕ್ಕ ಆಗುವುದು ಎಷ್ಟು ಅನುಕೂಲ, ಅಲ್ವಾ?

ಈ ಕೆಲಸ ಮಾಡುವುದು ಈಮ್ಯಾಕ್ಸ್ ಎಂಬ ಉಚಿತ ಎಡಿಟರಿನಲ್ಲಿ ಟಿಪ್ಪಣಿ ಬರೆಯಲು ಇರುವ ಆರ್ಗ್ ಮೋಡ್ ಎಂಬ ಭಾಗ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡಾಮಿನಿಕ್ 2003ರಲ್ಲಿ ಇದನ್ನು ಶುರು ಮಾಡಿದರು. ಕೋಡ್ ಓಡಿಸುವ ಬೇಬಲ್ ಎಂಬ ಭಾಗ ಆಮೇಲೆ ಎರಿಕ್ ಶುಲ್ಟೆ, ಡ್ಯಾನ್ ಡೇವಿಸನ್ ಅವರಿಂದ ಬಂತು. ಈಮ್ಯಾಕ್ಸ್ ಹಾಕಿಕೊಂಡರೆ ಎರಡೂ ಜೊತೆಗೇ ಸಿಗುತ್ತವೆ.

ಮೊದಲು ಹೆಸರಿನ ಕೊನೆಗೆ 'ಡಾಟ್ ಆರ್ಗ್' ಇರುವ ಫೈಲ್ ತೆರೆಯಿರಿ. ಅದರಲ್ಲಿ ಹೀಗೆ ಬರೆಯಿರಿ. ನಾನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ (name, begin_src, emacs-lisp, end_src) ಟೈಪ್ ಮಾಡಬೇಕು:

#+ನೇಮ್: ಹಾಲು
#+ಬಿಗಿನ್_ಎಸ್‌ಆರ್‌ಸಿ ಈಮ್ಯಾಕ್ಸ್-ಲಿಸ್ಪ್
(* 30 1.5 48)
#+ಎಂಡ್_ಎಸ್‌ಆರ್‌ಸಿ

ಬಿಗಿನ್‌ನಿಂದ ಎಂಡ್‌ವರೆಗಿನ ಈ ಕೋಡ್ ತುಂಡೇ ಬ್ಲಾಕ್. ನಡುವಿನ ಸಾಲು 30 ದಿನ, ಒಂದೂವರೆ ಲೀಟರ್, 48 ರೂಪಾಯಿಗಳನ್ನು ಗುಣಿಸುತ್ತದೆ. ಮೊದಲ ಸಾಲು ಬಿಡಬೇಡಿ. ಆ ಹೆಸರು ಇದ್ದರೆ ಮಾತ್ರ ಲಿಂಕಿಗೆ ಬ್ಲಾಕ್ ಸಿಗುತ್ತದೆ. ಕರ್ಸರನ್ನು ಬ್ಲಾಕಿನೊಳಗೆ ಇಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಿ, 'ಯೆಸ್' ಎನ್ನಿ. ಕೆಳಗೆ 2160.0 ಬಂದರೆ ಬ್ಲಾಕ್ ಸರಿಯಿದೆ.

ಈಗ ಲಿಂಕ್. ಮೇಲಕ್ಕೆ ಹೋಗಿ ಹೀಗೆ ಬರೆಯಿರಿ, ಆದೇಶ ಇಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೇ (elisp, org-sbe) ಇರಲಿ:

[[ಇಲಿಸ್ಪ್:(ಆರ್ಗ್-ಎಸ್‌ಬಿಇ ಹಾಲು)][ಈ ತಿಂಗಳ ಹಾಲು]]

ಎರಡನೇ ಆವರಣ ಮುಚ್ಚುತ್ತಿದ್ದಂತೆ ಆದೇಶ ಮರೆಯಾಗಿ, 'ಈ ತಿಂಗಳ ಹಾಲು' ಎಂಬ ಗೆರೆ ಎಳೆದ ಪದಗಳಷ್ಟೇ ಉಳಿಯುತ್ತವೆ. ಮೌಸಿನಿಂದ ಒತ್ತಿ. ಬೇಡವೆಂದರೆ ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ, ಕಂಟ್ರೋಲ್-ಓ. ಉತ್ತರ ಪರದೆಯ ಕೆಳಗಿನ ಸಾಲಿನಲ್ಲಿ ಬಂದು ಹೋಗುತ್ತದೆ, ಫೈಲಿನಲ್ಲಿ ಉಳಿಯುವುದಿಲ್ಲ. ಉಳಿಯಬೇಕೆಂದರೆ ಬ್ಲಾಕಿನ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತುವುದೇ ಸರಿ.

ಲಿಂಕ್ ಒತ್ತಿದಾಗ ಈಮ್ಯಾಕ್ಸ್ ಒಂದಕ್ಕಿಂತ ಹೆಚ್ಚು ಸಲ ಕೇಳುತ್ತದೆ: ಲಿಂಕ್ ನಡೆಸಲೇ, ಬ್ಲಾಕ್ ಓಡಿಸಲೇ? ಕಿರಿಕಿರಿ ಅನಿಸಬಹುದು. ಆದರೂ ಆ ಪ್ರಶ್ನೆಗಳನ್ನು ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಮ್ಮೆ ನಾನು ನಿಲ್ಲಿಸಿದ್ದೆ. ಹಳೇ ಫೈಲಿನ ಒಂದು ಲಿಂಕಿಗೆ ಸುಮ್ನೆ ಕೈ ತಾಗಿತು. ಅದರ ಹಿಂದಿದ್ದ ಬ್ಲಾಕ್ ಹಳೆಯ ಪ್ರತಿಯನ್ನು ಹೊಸದರ ಮೇಲೆ ಬರೆದುಬಿಟ್ಟಿತು. ಒಂದು ತಿಂಗಳ ಟಿಪ್ಪಣಿ ಹೋಯಿತು.

ಲಿಂಕಿನ ಮುಖದಲ್ಲಿ ಏನು ಬರೆದಿದ್ದರೂ ಒಳಗೆ ಬೇರೆ ಆದೇಶ ಇರಬಹುದು. ಬೇರೆಯವರು ಕಳಿಸಿದ ಫೈಲಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಲಿಂಕಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ, ಕಂಟ್ರೋಲ್-ಎಲ್ ಒತ್ತಿ. ಒಳಗಿನ ಆದೇಶ ಪೂರ್ತಿ ಕಾಣುತ್ತದೆ. ಆ ಹೆಸರಿನ ಬ್ಲಾಕನ್ನೂ ಹುಡುಕಿ ಓದಿ, ಆಮೇಲೆ 'ಯೆಸ್' ಎನ್ನಿ.